ಎಡಗೈ ಎತ್ತಿದವರು

ಗೋಡೆಗೆ ಜೀವ ಬಂತು. ಮೂವತ್ತೆರಡು ಮಕ್ಕಳು ಎದ್ದು ನಿಂತು, ರಾಗ ಎಳೆದು, "ನಮಸ್ತೇ ಟೀಚರ್" ಎಂದವು. ಮಂದಾಕಿನಿ ಕೂರಲು ಹೇಳಿದಳು. ನಡುಮನೆಯೇ ಅವಳ ಶಾಲೆ. ಪರೀಕ್ಷೆಯ ಕಡೆಯ ಪಾಠವೆಂದು ಅವ್ವ ಇಂದು ಹೊಲಕ್ಕೆ ಹೋಗದೆ, ಶೇಂಗಾ ಸುಲಿಯುತ್ತ ನೋಡಲು ಕೂತಿದ್ದಳು.

ಇದರ ಹೆಸರು ಛಾಯಾತರಗತಿ. ಹಳ್ಳಿ ಶಾಲೆಗಳು ಒಂದೊಂದಾಗಿ ಮುಚ್ಚಿ, ತರಬೇತಿಯ ಶಿಕ್ಷಕರಿಗೆ ಪಾಠ ಮಾಡಿ ಕಲಿಯಲು ಮಕ್ಕಳೇ ಸಿಗದಾದಾಗ ಡಾ. ಅಂಬರೀಶ ಮುದೇನೂರ ಇದನ್ನು ಕಂಡುಹಿಡಿದರು. ೨೦೨೬ರಲ್ಲಿ ಒಂದು ತರಗತಿಯನ್ನು ವರ್ಷವಿಡೀ ಚಿತ್ರೀಕರಿಸಿದ್ದರು. ಯಂತ್ರ ಅದನ್ನು ನೋಡಿ ನೋಡಿ, ಯಾವ ಮಗು ಯಾವಾಗ ನಗುತ್ತದೆ, ಏನು ಉತ್ತರಿಸುತ್ತದೆ ಎಂದು ಕಲಿತು, ಮೂವತ್ತು ವರ್ಷದ ಮೇಲೆ ಅವೇ ಮಕ್ಕಳನ್ನು ಗೋಡೆಯ ಮೇಲೆ ಕೂರಿಸುತ್ತಿತ್ತು. ಉತ್ತರ ಬರುವ ಮಗುವಿನ ಮೇಲೆ ಹಳದಿ ಬೆಳಕು ಬೀಳುತ್ತಿತ್ತು. ತರಬೇತಿಯವರೆಲ್ಲ ಆ ಮಗುವನ್ನೇ ಕೇಳುವುದು ವಾಡಿಕೆ. ಎದ್ದ ಕೈ, ಬಂದ ಉತ್ತರ ಎಣಿಸಿ ಅಂಕ ಕೊಡುವುದೂ ಯಂತ್ರವೇ.

ನಿಧಾನಿ ಮಂದಾಕಿನಿ ಎರಡು ಸಲ ನಪಾಸಾಗಿದ್ದಳು. ಈ ಸಲವೂ ಹೋದರೆ ಟೀಚರಾಗುವ ಮಾತು ಮುಗಿಯಿತು. ಪರೀಕ್ಷೆ ನೋಡಲು ಇಂದು ಗೋಡೆಯ ಮೂಲೆಯಲ್ಲಿ ಮುದೇನೂರರ ಮುಖವೇ ಕೂತಿತ್ತು.

"ಅರ್ಧ ರೊಟ್ಟಿ ದೊಡ್ಡದೋ, ಮೂರರಲ್ಲೊಂದು ಪಾಲು ದೊಡ್ಡದೋ?"

ಎಲ್ಲ ಕೈಗಳೂ ಎದ್ದವು.

"ಏ ಮಂದಾ, ಎಡಗೈ ಎತ್ಯಾರಲ್ಲ, ಅವರನ್ನ ಕೇಳಬ್ಯಾಡ," ಎಂದಳು ಅವ್ವ.

"ಯಾಕಬೇ?"

"ನಮ್ಮ ಶಾಲ್ಯಾಗೂ ಹಿಂಗೇ ಇತ್ತು. ತಪಾಸಣೆಗೆ ಸಾಹೇಬ್ರು ಬಂದಾಗ ಎಲ್ಲಾರೂ ಕೈ ಎತ್ತಬೇಕು. ಉತ್ತರ ಬರೋರು ಬಲಗೈ, ಬರದೋರು ಎಡಗೈ. ಸರ್ ಬಲಗೈನವ್ರನ್ನೇ ಕೇಳತಿದ್ರು. ಕ್ಯಾಮೆರಾ ಅಂದ್ರೂ ಸಾಹೇಬ್ರೇ ಅಲ್ಲೇನು? ನಂದು ಯಾವತ್ತೂ ಎಡಗೈ."

ಮಂದಾಕಿನಿ ಎಣಿಸಿದಳು. ಹತ್ತೊಂಬತ್ತು ಎಡಗೈ. ಒಂದರ ಮೇಲೂ ಬೆಳಕಿಲ್ಲ.

"ಸರ್, ಕೇಳಿಸ್ತೇನ್ರಿ?"

ಮುದೇನೂರರು ಹೇಳಿದರು: "ಯಂತ್ರಕ್ಕ ಎಡ ಬಲ ಗೊತ್ತಿಲ್ಲಮ್ಮ. ನನಗೂ ಗೊತ್ತಿರಲಿಲ್ಲ. ಪಾಠ ಮುಂದುವರಸು. ಇನ್ನೆರಡು ಉತ್ತರ ಬಂದ್ರ ಪಾಸು."

"ಈ ಮಕ್ಕಳ ಮುಂದ ಎಷ್ಟು ಮಂದಿ ಕಲ್ತು ಟೀಚರಾಗ್ಯಾರ್ರಿ?"

"ಎರಡು ಲಕ್ಷ."

ಹಳದಿ ಬೆಳಕು ಮುಂದಿನ ಬೆಂಚಿನ ಹುಡುಗನ ಮೇಲೆ ಕಾಯುತ್ತಿತ್ತು. ಅವನ ಹೆಸರು ಕರೆದರೆ ಸಾಕಿತ್ತು. ಮಂದಾಕಿನಿಯ ಕಣ್ಣು ಕೊನೆಯ ಬೆಂಚಿಗೆ ಹೋಯಿತು. ಅಲ್ಲಿ ಎಡಗೈ ಎತ್ತಿದ ಕೆಂಪು ರಿಬ್ಬನ್ನಿನ ಹುಡುಗಿ.

"ಶ್ರಾವಣಿ, ನೀ ಹೇಳವ್ವ."

ಹುಡುಗಿ ಎದ್ದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಮಂದಾಕಿನಿ ಒಳಗೋಡಿ ರೊಟ್ಟಿ ತಂದು, ಮುರಿದು, ಅರ್ಧವನ್ನೂ ಮೂರರಲ್ಲೊಂದು ಪಾಲನ್ನೂ ಗೋಡೆಗೆ ಹಿಡಿದಳು. "ಹೆದರಬ್ಯಾಡ. ತಪ್ಪಾದ್ರೂ ಹೇಳು." ಅಂಕ ಇಳಿಯುತ್ತಲೇ ಇತ್ತು. ಹುಡುಗಿಯ ಬಾಯಿ ತೆರೆದೇ ಇತ್ತು.

"ಯಂತ್ರ ಕೆಟ್ಟದೇನ್ರಿ ಸರ್?"

ಮುದೇನೂರರು ಹಳೆಯ ದಾಖಲೆ ತಡಕಾಡಿ ಕನ್ನಡಕ ತೆಗೆದರು. "ಕೆಟ್ಟಿಲ್ಲ. ಆ ಹುಡುಗಿಯ ದನಿ ನಮ್ಮ ಹತ್ರ ಇಲ್ಲ. ಇಡೀ ವರ್ಷ ಅವಳನ್ನ ಯಾರೂ ಏನೂ ಕೇಳಿಲ್ಲ."

ಗಂಟೆ ಹೊಡೆಯಿತು. 'ಅನುತ್ತೀರ್ಣ' ಎಂಬ ಅಕ್ಷರ ಮೂಡಿ, ಗೋಡೆ ಮತ್ತೆ ಸುಣ್ಣದ ಗೋಡೆಯಾಯಿತು. ಮಂದಾಕಿನಿ ರೊಟ್ಟಿಯ ತುಂಡು ಹಿಡಿದೇ ನಿಂತಿದ್ದಳು. ಅವ್ವ ಎದ್ದು ಬಂದು ಅವಳ ಕೈಯಿಂದ ದೊಡ್ಡ ತುಂಡನ್ನು ತೆಗೆದುಕೊಂಡಳು.

"ಇದು ಅರ್ಧ," ಎಂದಳು, ಯಾರೋ ಕೇಳಿದಂತೆ.

ಶ್ರಾವಣಿಯನ್ನು ಕೇಳಬಹುದಾಗಿದ್ದ ಅವಳ ಶಿಕ್ಷಕರು ೨೦೨೬ರಲ್ಲಿ ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಆಗ ಅವಳಿಗೆ ಎಂಟು ವರ್ಷ. ಕೈ ಎತ್ತಿಕೊಂಡೇ ಕೂತಿದ್ದಳು.