ಹುಣಸೆ ಗಂಟಿನಲ್ಲಿ ಒಂದು ಕೂದಲು

ಆ ಮರದ ಹಾಳೆಯ ಮೇಲೆ ಯಾರ ಕೂದಲೂ ಬೀಳಬಾರದು ಎಂದು ಮುನಿಯಕ್ಕ ಹೇಳಿದಾಗ ಚನ್ನವೀರ ನಕ್ಕುಬಿಟ್ಟ. ಬಾಗಲಕೋಟೆಯಿಂದ ಬಂದು ಸಾರಕ್ಕಿಯಲ್ಲಿ ಅವಳ ವಠಾರ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವ ತನಗೆ ಮಾಟದ ಮಾತೇ ಎಂದು ಅವನಿಗೆ ತಮಾಷೆ.

ಗೆಳೆಯ ಸಿಂಗಪುರದಿಂದ ತಂದುಕೊಟ್ಟ ಕಿಟ್‌ನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಬಿಡಿಭಾಗಗಳಿದ್ದವು. ಜೋಡಿಸಿ ಮೆರುಗು ಕೊಡುವುದು ಕೊಂಡವನ ಪಾಲು. ಅದರ ಬೋಳು ಮೈಗೆ ಚೆಂದದ ಮುಖ ಬೇಕೆಂದು ಚನ್ನವೀರ ಸಾಮಿಲ್ಲಿನಿಂದ ವೆನೀರ್ ತಂದಿದ್ದ. ಹುಣಸೆಮರದ ಗಂಟನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸೀಳಿದ ಹಾಳೆ; ಮೈತುಂಬ ಸುಳಿಗಳು, ನಡುವೆ ತುಕ್ಕಿಗೆ ಕಪ್ಪಾದ ಒಂದು ಮೊಳೆತೂತು. ಆ ತೂತನ್ನು ಕಂಡೇ ಮುನಿಯಕ್ಕ ಬಾಗಿಲಲ್ಲಿ ಕುಸಿದು ಕೂತಿದ್ದಳು.

ರಸ್ತೆಗೆಂದು ಕಡಿದ ಕೆರೆದಂಡೆಯ ಹುಣಸೆ ಅದು. ಅವಳ ಮಗಳು ಲತಾಮಣಿ ಚಿಕ್ಕವಳಿದ್ದಾಗ ಹೊತ್ತುಗೊತ್ತಿಲ್ಲದೆ ಹಾಡುತ್ತಾಳೆಂದು, ಮೈಮೇಲೆ ಗಾಳಿಯಿದೆಯೆಂದು, ಮಂತ್ರವಾದಿಯೊಬ್ಬ ಅವಳ ಕೂದಲನ್ನು ಆ ಮರಕ್ಕೆ ಮೊಳೆ ಹೊಡೆದು ಕಟ್ಟಿದ್ದ. ಗಾಳಿ ಹೋಯಿತೋ ಇಲ್ಲವೋ, ಹುಡುಗಿಯ ದನಿ ಹೋಯಿತು. ಮರ ಮೊಳೆಯನ್ನು ನುಂಗಿ ಗಂಟುಗಟ್ಟಿತು. ಈಗ ಲತಾಮಣಿ ಮೂವತ್ತು ದಾಟಿದ ಮೂಕಿ, ಪಕ್ಕದ ಮುನಿಯಕ್ಕನ ಮನೆಯ ಕಿಟಕಿಯಲ್ಲಿ ಸದಾ ಕಾಣುವ ಮುಖ.

“ಆ ಮರ ಒಬ್ರನ್ನ ಹಿಡ್ಕೊಂಡೇ ಇರುತ್ತೆ ಕಣಪ್ಪ. ಇನ್ನೊಬ್ರು ಸಿಕ್ಕಿದ್ರೆ ಮಾತ್ರ ಮೊದಲ್ನೋರ್ನ ಬಿಡೋದು,” ಎಂದಳು ಮುನಿಯಕ್ಕ. “ಅಂಟಿದ ಕೂದ್ಲು ಇಡಿಯಾಗಿ ಬಂದ್ರೆ ಸರಿ. ತುಂಡಾದ್ರೆ ಮುಗೀತು, ದನಿ ತಿರುಗಿ ಬರಲ್ಲ.”

“ಹಂಗಾದ್ರ ನಿಮಗ ಛಲೋನ ಆತಲ್ರೀ, ಅಕ್ಕಾರ. ನಿಮ್ಮ ಮಗಳು ಮಾತಾಡ್ತಾಳ.”

ಅವಳು ಎದ್ದುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಚನ್ನವೀರನಿಗೂ ಗೊತ್ತಿತ್ತು. ಆ ಗಳಿಗೆಗೆ ನೆನಪಾಗಲಿಲ್ಲ ಅಷ್ಟೆ.

ಗಿಟಾರು ಹೆಂಡತಿ ಉಮಾಶ್ರೀಯ ಹಾಡಿಗೆ ಜೊತೆಯಾಗಲೆಂದು. ಅವಳು ಜೋಗುಳ ಹಾಡಿದರೇನೇ ತೊಟ್ಟಿಲ ಕೂಸು ಮಲಗುವುದು. ವಠಾರವೂ ಆ ಹೊತ್ತಿಗೆ ಸದ್ದಡಗಿಸುತ್ತಿತ್ತು. ದೂಳು ಬೀಳದಂತೆ ಹಿತ್ತಲ ಬಚ್ಚಲುಮನೆಯ ಕಿಂಡಿಗೆಲ್ಲ ಬಟ್ಟೆ ತುರುಕಿ ಚನ್ನವೀರ ಹಾಳೆ ಅಂಟಿಸಿದ ಗಿಟಾರಿಗೆ ಮೆರುಗಿನ ಲ್ಯಾಕರ್ ಬಳಿಯುತ್ತಿದ್ದ. ಥಿನ್ನರಿನ ಘಾಟು, ಹಂಡೆಯ ಮಸಿಯ ವಾಸನೆ. ತಲೆಗೆ ನೀರು ಹಾಕಿಕೊಂಡಿದ್ದ ಉಮಾಶ್ರೀ ಚಹಾ ತಂದವಳು ಬಗ್ಗಿ ನೋಡಿದಳು. ಹಸಿ ಲ್ಯಾಕರಿನ ಮೇಲೆ ಒಂದು ಕೂದಲು ಬಿತ್ತು.

ಅವನು ನೋಡಿದ. ಕಿತ್ತರೆ ಗೆರೆ ಉಳಿಯುತ್ತದೆ, ಕನ್ನಡಿಯಂಥ ಮೈ ಕೆಡುತ್ತದೆ. ಸುಳಿಗಳ ನಡುವೆ ಯಾರಿಗೆ ಕಾಣಬೇಕು? ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಕೋಟು ಬಳಿದ.

ಮರುದಿನ ಉಮಾಶ್ರೀಯ ದನಿ ಒಡೆಯಿತು. ಮತ್ತೊಂದು ಕೋಟಿಗೆ ಬರೀ ಗಾಳಿಯಾಯಿತು. ಕೊನೆಯ ಕೋಟು ಬಿದ್ದ ದಿನ ಅವಳು ತೊಟ್ಟಿಲ ಪಕ್ಕ ಬಾಯಿ ತೆರೆದರೆ ಏನೂ ಬರಲಿಲ್ಲ. ಜಯನಗರದ ಡಾಕ್ಟರು ಗಂಟಲಲ್ಲಿ ದೋಷವೇ ಇಲ್ಲ ಎಂದರು. ಕೂಸು ಅತ್ತು ಅತ್ತು ನೀಲಿಗಟ್ಟುತ್ತಿತ್ತು.

ಸಂಜೆ ಕರೆಂಟು ಹೋಯಿತು. ಚನ್ನವೀರ ಟಾರ್ಚು ಹಿಡಿದು ಬಚ್ಚಲಿಗೆ ಓಡಿದ. ಕೂದಲು ಬಿದ್ದಲ್ಲಿರಲಿಲ್ಲ. ಸುಳಿಯಿಂದ ಸುಳಿಗೆ ಸರಿದು ಮೊಳೆತೂತಿಗೆ ಸುತ್ತಿಕೊಂಡಿತ್ತು.

ಇಡಿಯಾಗಿ ಬರಬೇಕು. ಥಿನ್ನರು ಸವರಿದ. ಸೂಜಿಯಿಂದ ಮೀಟಿದ. ಲ್ಯಾಕರು ಕರಗಲೊಲ್ಲದು. ಒಳಗೆ ಕೂಸಿನ ಚೀರಾಟ. ತಾಳ್ಮೆ ಹೋಯಿತು. ಉಪ್ಪುಕಾಗದ ಎತ್ತಿಕೊಂಡ. ತಿಕ್ಕಿದ. ಇನ್ನೂ ತಿಕ್ಕಿದ. ಸುಟ್ಟ ಕೂದಲಿನ ನಾತ. ಮರ ನರಳಿತು. ಅವನು ನಿಲ್ಲಿಸಲಿಲ್ಲ. ಹಾಳೆ ಹರಿಯಿತು. ಅಡಿಯ ಬಿಳಿ ಮರ ಕಂಡಿತು. ಸುಳಿಯಿಲ್ಲ. ಕೂದಲಿಲ್ಲ. ಅಂಗೈಯಲ್ಲಿ ಕಂದು ಪುಡಿ ಮಾತ್ರ.

ಅಷ್ಟರಲ್ಲಿ ಜೋಗುಳ ಕೇಳಿತು. ಉಮಾಶ್ರೀಯದೇ ದನಿ, ಅವಳದೇ ಎಳೆತ. ಕೂಸು ಅಳು ನಿಲ್ಲಿಸಿತು. ಬದುಕಿದೆನೆಂದು ಅವನು ಒಳಗೆ ಓಡಿದ.

ಉಮಾಶ್ರೀ ಗಂಟಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ತುಟಿ ಮುಚ್ಚಿತ್ತು, ಕಣ್ಣು ಸುರಿಯುತ್ತಿತ್ತು. ಹಾಡು ಬರುತ್ತಿದ್ದುದು ಪಕ್ಕದ ಮನೆಯ ಕಿಟಕಿಯಿಂದ, ಲತಾಮಣಿಯ ಬಾಯಿಂದ.

ಬಾಗಿಲಲ್ಲಿ ಮುನಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದಳು. “ನಿಲ್ಸು ಅಂದೆ ಕಣಪ್ಪ, ನಿಲ್ಲಿಸ್ತಿಲ್ಲ. ಅವಳ ಬಾಯಲ್ಲಿ ಒಂದು ಮಾತು ಕೇಳ್ಬೇಕು ಅಂತ ಕಾಯ್ತಿದ್ದೆ. ಹಿಂಗಲ್ಲ.”

ಕೂಸು ನಿದ್ದೆಗಣ್ಣಿನಲ್ಲಿ ಹಾಡಿನ ಕಡೆಗೆ ಮುಖ ಹೊರಳಿಸಿತು. ಉಮಾಶ್ರೀ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು, ಹಾಡು ಚೆನ್ನಾಗಿ ಕೇಳಿಸಲೆಂದು, ಅರೆ ಮುಚ್ಚಿದ್ದ ಕಿಟಕಿಯನ್ನು ಪೂರ್ತಿ ತೆರೆದಳು.