ಬಣ್ಣ ಬಾರದ ಕುಳಿಗಳು

ಬೆಳಿಗ್ಗೆ ಹತ್ತಕ್ಕೆ ಸಂಶೋಧಕಿ ಪ್ರಯೋಗಾಲಯದ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಕರೆದರೆ ಓಗೊಡಲಿಲ್ಲ. ಮೇಜಿನ ಮೇಲೆ ಅರ್ಧ ಕಾಫಿ. ಕೋಟಿನ ಜೇಬಿನಲ್ಲಿ ಕೆಟಮಿನ್ ಸೀಸೆ.

ಅದು ಇಲಿಗಳಿಗೆ ಕೊಡುವ ಅರಿವಳಿಕೆ. ಮೈ ಇಲ್ಲಿ, ಮನಸ್ಸು ಇನ್ನೆಲ್ಲೋ ಆಗಿಬಿಡುತ್ತದೆ. ಅದನ್ನು ಪತ್ತೆಹಚ್ಚುವ ಪ್ರತಿಕಾಯವೆಂಬ ಪ್ರೋಟೀನನ್ನು ರೂಪಿಸಿದವಳೇ ಈ ಹುಡುಗಿ. ಜೀವಕ್ಕೆ ಅಪಾಯವಿಲ್ಲ ಎಂದರು ವೈದ್ಯರು. ಆದರೆ ಮಾನ? ಚಟಕ್ಕೆ ಬಿದ್ದವಳೆಂಬ ಗುಸುಗುಸು ಆಗಲೇ ಎದ್ದಿತ್ತು. ಕೆಲಸದಿಂದ ತೆಗೆಯದೆ ವಿಧಿಯಿಲ್ಲ ಎಂದರು ನಿರ್ದೇಶಕರು. ಅವರು ಅವಳ ಸ್ವಂತ ಸೋದರಮಾವ.

ಕಾಫಿಯಲ್ಲಿ ಔಷಧವಿದ್ದರೆ ಬೇರೆಯವರ ಕೈವಾಡ, ಇಲ್ಲದಿದ್ದರೆ ಅವಳೇ ಚುಚ್ಚಿಕೊಂಡದ್ದು. ತನಿಖೆಗೆ ಬಂದ ಇನ್ಸ್‌ಪೆಕ್ಟರಮ್ಮ ನಿರ್ದೇಶಕರ ಎದುರಿಗೇ ಲ್ಯಾಬಿನ ತಂತ್ರಜ್ಞೆಗೆ ಹೇಳಿದರು, ಊಟ ಮುಗಿಸಿ ಬಂದು ಕಾಫಿ ಪರೀಕ್ಷಿಸಿ ಎಂದು.

* * *

ಪರೀಕ್ಷೆ ಮುಗಿದಾಗ ತಟ್ಟೆಯ ಪುಟ್ಟ ಕುಳಿಗಳಲ್ಲಿ ಯಾವುದರಲ್ಲೂ ಬಣ್ಣವಿರಲಿಲ್ಲ. ಔಷಧ ಇಲ್ಲವೆಂದೇ ಇನ್ಸ್‌ಪೆಕ್ಟರಮ್ಮ ತಿಳಿದರು.

"ಉಲ್ಟಾ ಮೇಡಂ," ಎಂದಳು ತಂತ್ರಜ್ಞೆ. "ನಮ್ಮ ವಿಧಾನದಲ್ಲಿ ಔಷಧ ಇದ್ರೆ ಬಣ್ಣ ಬರಲ್ಲ. ಆದ್ರೆ ಬರೀ ನೀರು ಹಾಕಿದ ಕುಳಿಯಲ್ಲೂ ಬಂದಿಲ್ಲ. ಯಾರೋ ಪ್ರತಿಕಾಯನ ಕಾಯಿಸಿ ಕೆಡಿಸಿದ್ದಾರೆ."

ಪ್ರತಿಕಾಯವಿಡುವ ಫ್ರೀಜರಿನ ಕೀಲಿ ಇದ್ದದ್ದು ಮೂವರ ಬಳಿ: ಸಂಶೋಧಕಿ, ತಂತ್ರಜ್ಞೆ, ನಿರ್ದೇಶಕರು. ಮೊದಲನೆಯವಳು ಆಸ್ಪತ್ರೆಯಲ್ಲಿ. ತಂತ್ರಜ್ಞೆ ಹೋದ ವಾರವಷ್ಟೇ ಆ ಹುಡುಗಿಯೊಡನೆ ಜಗಳವಾಡಿದ್ದಳು. ಅನುಮಾನ ನೇರವಾಗಿ ಅವಳ ಕೊರಳಿಗೆ ಸುತ್ತಿಕೊಂಡಿತು.

* * *

ಇನ್ಸ್‌ಪೆಕ್ಟರಮ್ಮ ತಟ್ಟೆಯನ್ನು ನಿರ್ದೇಶಕರ ಮುಂದಿಟ್ಟರು.

"ನೋಡಿ, ಬಣ್ಣ ಬಂದಿಲ್ಲ," ಎಂದರು ನಿರ್ದೇಶಕರು. "ಕಾಫಿಯಲ್ಲಿ ಏನೂ ಇಲ್ಲ. ತಾನೇ ತಗೊಂಡಿದ್ದಾಳೆ, ಪಾಪ."

ಬಾಗಿಲಲ್ಲಿದ್ದ ತಂತ್ರಜ್ಞೆ ಬಾಯಿಗೆ ಕೈ ಅಡ್ಡ ಹಿಡಿದಳು. ಈ ಪರೀಕ್ಷೆಯ ಪ್ರಬಂಧದಲ್ಲಿ ಮೊದಲ ಹೆಸರೇ ನಿರ್ದೇಶಕರದು. ಅವರು ಪ್ರಯೋಗದ ಮೇಜು ಮುಟ್ಟಿ ಹತ್ತು ವರ್ಷವಾಗಿತ್ತು. ಸಹಿ ಮಾತ್ರ ಸೊಗಸಾಗಿ ಹಾಕುತ್ತಿದ್ದರು.

"ವಿಧಾನ ಗೊತ್ತಿದ್ದವರು ಪ್ರತಿಕಾಯ ಕೆಡಿಸಲ್ಲ ಸರ್," ಎಂದರು ಇನ್ಸ್‌ಪೆಕ್ಟರಮ್ಮ. "ಕೆಟ್ಟರೆ ಎಲ್ಲದರಲ್ಲೂ ಔಷಧ ಇರೋ ಹಾಗೇ ಕಾಣುತ್ತೆ. ಬಣ್ಣ ಬರದಿದ್ರೆ ಔಷಧ ಇಲ್ಲ ಅಂದ್ಕೊಂಡವರು ಮಾತ್ರ ಈ ಕೆಲಸ ಮಾಡ್ತಾರೆ."

ಪ್ರತಿಕಾಯವನ್ನು ಪಾಲು ಮಾಡಿ ಬೇರೆ ಬೇರೆ ಕಡೆ ಇಡುವುದು ಲ್ಯಾಬಿನವರ ರೂಢಿ. ಮೇಲಿನ ಮಹಡಿಯಲ್ಲಿದ್ದ ಪಾಲಿನಿಂದ ಮತ್ತೆ ಪರೀಕ್ಷೆ ನಡೆಯಿತು. ನೀರಿನ ಕುಳಿ ನೀಲಿಯಾಯಿತು. ಕಾಫಿಯದು ಆಗಲಿಲ್ಲ.

ನಿರ್ದೇಶಕರು ಒಪ್ಪಿಕೊಂಡರು. ಸಂಶೋಧನೆಯೆಲ್ಲ ತನ್ನದೇ ಎಂದು ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ಬರೆಯುವುದಾಗಿ ಸೋದರಸೊಸೆ ಹೇಳಿದ್ದಳಂತೆ. ಅವಳ ಮಾತನ್ನು ಯಾರೂ ನಂಬದ ಹಾಗೆ ಮಾಡಬೇಕಿತ್ತು. ಕಾಫಿ ತಂದುಕೊಟ್ಟದ್ದೂ, ಜೇಬಿಗೆ ಸೀಸೆ ಇಟ್ಟದ್ದೂ, ಊಟದ ಹೊತ್ತಿನಲ್ಲಿ ಪ್ರತಿಕಾಯ ಕಾಯಿಸಿದ್ದೂ ಅವರೇ.

* * *

ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಮ್ಮನನ್ನು ಕಂಡು ಹುಡುಗಿಯ ತಾಯಿ ಎದ್ದು ಬಂದರು.

"ಎಚ್ಚರ ಆಯ್ತು ಮೇಡಂ. ಮಾವ ಗಾಬರಿಯಾಗಿರ್ತಾರೆ, ಮೊದಲು ಅವರಿಗೆ ಫೋನ್ ಮಾಡು ಅಂದ್ಲು. ಆಗಿಂದ ಮಾಡ್ತಿದ್ದೀನಿ, ನನ್ನ ತಮ್ಮ ಎತ್ತುತ್ತಲೇ ಇಲ್ಲ."

ಆ ಫೋನು ಇನ್ಸ್‌ಪೆಕ್ಟರಮ್ಮನ ಚೀಲದಲ್ಲಿತ್ತು.