ಮೂರನೆಯ ತೂತಿನ ಮೇಣ

ಶ್ರಾವಣ, ಹೊಗೆಸೊಪ್ಪು ಬೇಯಿಸುವ ಕಾಲ. ಹುಣಸೂರಿನ ನನ್ನ ಅಂಗಡಿಯಲ್ಲಿ ಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ತಗಡಿನ ಕೊಳವೆಗಳಿಗೆ ಬೆಸುಗೆ ಹಾಕುತ್ತಿದ್ದೆ. ಒಂಬತ್ತು ವರ್ಷದ ಮಗಳು ಮೆಹರುನ್ನೀಸಾ, ಹಳೇ ಬ್ಯಾಂಡಿನವರು ಬಿಟ್ಟುಹೋದ ಕ್ಲಾರಿನೆಟ್ಟಿನ ತೂತುಗಳ ಅಂಚಿಗೆ ಜೇನುಮೇಣ ಮೆತ್ತುತ್ತಿದ್ದಳು. ಹಾಗೆ ಮಾಡಿದರೇ ತೋಡಿ ರಾಗದ ಗಾಂಧಾರ ಸ್ವರ ತೂಗುತ್ತದಂತೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ಮೈಸೂರಿನ ಸಂಗೀತ ವಿದ್ವಾಂಸರೊಬ್ಬರು ಅವಳು ನುಡಿಸುವುದನ್ನು ಕೇಳಿ, ಮೆಚ್ಚಿದರೆ ಶಿಷ್ಯೆಯಾಗಿ ಕರೆದೊಯ್ಯುವವರಿದ್ದರು.

ಕಾಡಂಚಿನ ಹಾಡಿಯಿಂದ ಮೇಣ ತಂದಿದ್ದ ಜೋಗಮ್ಮ ವಾದ್ಯವನ್ನು ನೋಡಿ, "ಇಷ್ಟ್ ದಪ್ಪ ಬೆಳ್ಳು ಯಾರ್ದು ಸಾಬ್ರೇ? ಮಗೀನ್ದಲ್ಲ ಕಣ್ರೀ," ಅಂದಳು.

ಮೂರನೆಯ ತೂತಿನ ಮೇಣದಲ್ಲಿ ಬೆರಳೊತ್ತಿದ ಗುರುತಿತ್ತು. ನನ್ನ ಬೆರಳೂ ಅದಕ್ಕಿಂತ ಸಣ್ಣದು.

"ಅಳಿಸ್ಬೇಡಿ ಅಬ್ಬಾ, ಸ್ವರ ಹೋಗ್ತದೆ," ಎಂದಳು ಮಗಳು.

ಅವಳು ನೀರು ಕುಡಿಯಲು ಹೋದಾಗ ನಾನು ಅದನ್ನು ಉಜ್ಜಿ ನುಣ್ಣಗೆ ಮಾಡಿಬಿಟ್ಟೆ. ಇದ್ದಿಲೊಲೆಯ ಪಕ್ಕದಲ್ಲೇ ಇದ್ದರೂ ಮೇಣ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

ವಿದ್ವಾಂಸರ ಮುಂದೆ ಅವಳಿಗೆ ಗಾಂಧಾರ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಆಗ ನನ್ನ ಕಡೆ ಒಮ್ಮೆ ನೋಡಿ, ಮೂರನೆಯ ತೂತಿನಿಂದ ತನ್ನ ಬೆರಳನ್ನು ಎತ್ತಿಬಿಟ್ಟಳು. ನೋಡುತ್ತಿದ್ದಂತೆ, ಕಾಣದ ದಪ್ಪ ಬೆರಳೊಂದು ಒತ್ತಿದ ಹಾಗೆ, ಅಲ್ಲಿನ ಮೇಣ ಮೆಲ್ಲಗೆ ತಗ್ಗಾಯಿತು. ಗಾಂಧಾರ ತೂಗಿಕೊಂಡು ಬಂತು.

ಕಣ್ಣು ಮುಚ್ಚಿ ಕೇಳುತ್ತಿದ್ದ ವಿದ್ವಾಂಸರು, "ಕಳಿಸ್ಕೊಡ್ತೀರಾ?" ಎಂದರು.

ಕಳಿಸಿಕೊಟ್ಟೆ. ಅವಳ ಜೊತೆಗೆ ಇನ್ಯಾರನ್ನು ಕಳಿಸಿದೆನೋ, ಇಂದಿಗೂ ನನಗೆ ಗೊತ್ತಿಲ್ಲ.